ಮತ್ತೆ ಚಾಲೂ ಆದರೆ ದುರಸ್ತಿ ಆದಂತಲ್ಲ

ಘೋಡಗೇರಿ ಸೀಮೆಯ ಹೊಲಗಳಲ್ಲಿ ಆಟೋ ಸ್ಟಾರ್ಟರ್ ಗೊತ್ತಿಲ್ಲದವರು ಕಡಿಮೆ. ತ್ರೀ ಫೇಸ್ ಕರೆಂಟ್ ನಡುರಾತ್ರಿ ಬಂದರೂ ರೈತ ಎದ್ದು ಹೋಗಬೇಕಿಲ್ಲ, ಆ ಪೆಟ್ಟಿಗೆ ತಾನೇ ಮೋಟಾರ್ ಹಚ್ಚುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಮಾತು: ಕರೆಂಟ್ ಬಂತು, ಹಚ್ಚು. ಬಾವಿಯಲ್ಲಿ ನೀರಿದೆಯೋ, ಪೈಪ್ ಒಡೆದಿದೆಯೋ ಅದು ಕೇಳುವುದಿಲ್ಲ. ಊರಿನ ಎಲ್ಲ ಮೋಟಾರ್‌ಗಳೂ ಒಮ್ಮೆಲೇ ಹತ್ತಿ ಟಿಸಿ ಸುಟ್ಟರೂ ಅದರ ತಪ್ಪಲ್ಲ. ಹೇಳಿದ ಕೆಲಸ ಅದು ಮಾಡಿದೆ.

ಕಂಪ್ಯೂಟರ್‌ನಲ್ಲೂ ಇಂಥದೊಂದು ಆಟೋ ಸ್ಟಾರ್ಟರ್ ಇದೆ ಎಂದು ನಮಗೆ ತಿಳಿದದ್ದು ಮಳೆಗಾಲದಲ್ಲಿ. ಅದರಿಂದ ಒಬ್ಬ ಕಾಕಾನ ಮೋಟಾರ್ ಹೊಳೆಯಲ್ಲಿ ಮುಳುಗಿತು. ತಪ್ಪು ಆ ಸಾಧನದ್ದಲ್ಲ, ನಮ್ಮದು. ಅದನ್ನು ಒಪ್ಪಿಕೊಳ್ಳಲು ಮತ್ತು ಒಂದು ಮಾತು ಗಟ್ಟಿಯಾಗಿ ಹೇಳಲು ಈ ಬರಹ.

ನಾವು ನಾಲ್ವರು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಸುದ್ದಿಗಿಷ್ಟು ಎಂದು ದುಡ್ಡು ತೆಗೆದುಕೊಂಡು ಕೆಲಸ ಮಾಡುವ ಸ್ಟ್ರಿಂಗರ್‌ಗಳು. ಮಳೆಗಾಲದಲ್ಲಿ ನಮಗೆ ಹೆಚ್ಚು ಬರುವ ಫೋನ್ ಒಂದೇ: 'ಹಿಡಕಲ್‌ದಾಗಿಂದ ಎಷ್ಟು ಬಿಟ್ಟಾರ್ರೀ?' ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿಎಂಸಿ ಹಿಡಿಯುತ್ತದೆ. ಅದು ತುಂಬುತ್ತ ಬಂದು ಗೇಟ್ ಎತ್ತಿದರೆ ಘಟಪ್ರಭೆಯ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು ಓಡಿಹೋಗಿ ಮೋಟಾರ್ ಮೇಲೆ ಎಳೆದುಕೊಳ್ಳಬೇಕು. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿದ್ದನ್ನು ಕಂಡ ಮೇಲೆ ಈ ಸೀಮೆಯಲ್ಲಿ ಕ್ಯೂಸೆಕ್ ಲೆಕ್ಕ ಕೇಳದವರೇ ಇಲ್ಲ.

ಎಷ್ಟು ಜನರಿಗೆ ಅಂತ ಫೋನ್‌ನಲ್ಲಿ ಹೇಳುವುದು? ನಮ್ಮಲ್ಲೊಬ್ಬ ವಿಡಿಯೋ ನೋಡಿ ನೋಡಿ ನೋಡ್ ಜೆಎಸ್ ಕಲಿತಿದ್ದ. ಹಳೇ ಲ್ಯಾಪ್‌ಟಾಪ್‌ನಲ್ಲಿ ಸಣ್ಣದೊಂದು ಪ್ರೋಗ್ರಾಂ ಮಾಡಿದೆವು. ಅಧಿಕೃತವಾಗಿ ಪ್ರಕಟವಾದ ಹೊರಹರಿವಿನ ಅಂಕಿಯನ್ನು ನಾವು ಅದರಲ್ಲಿ ತುಂಬುತ್ತೇವೆ. ಪ್ರೋಗ್ರಾಂ ಅದನ್ನು ಒಂದು ಜೇಸನ್ ಫೈಲ್‌ನಲ್ಲಿ ಬರೆದಿಟ್ಟು, ಹೆಸರು ಕೊಟ್ಟ ರೈತರಿಗೆ ಮೆಸೇಜ್ ಕಳಿಸುತ್ತದೆ. ಒಮ್ಮೆಲೇ ಎಲ್ಲರಿಗೂ ಅಲ್ಲ: ಹತ್ತು ಜನರಿಗೆ ಈಗ, ಒಂದು ನಿಮಿಷ ಬಿಟ್ಟು ಇನ್ನು ಹತ್ತು ಜನರಿಗೆ.

ನೋಡ್ ಜೆಎಸ್ ಪ್ರೋಗ್ರಾಂ ಒಮ್ಮೆ ಚಾಲೂ ಆದ ಮೇಲೆ ಫೈಲ್‌ನಲ್ಲಿ ಏನು ತಿದ್ದಿದರೂ ಅದಕ್ಕೆ ಗೊತ್ತಾಗುವುದಿಲ್ಲ. ನಿಲ್ಲಿಸಿ ಮತ್ತೆ ಹಚ್ಚಬೇಕು. ಈ ಕಿರಿಕಿರಿ ತಪ್ಪಿಸಲು ಇರುವುದೇ ನೋಡ್‌ಮಾನ್. ರೆಮಿ ಶಾರ್ಪ್ ಎಂಬಾತ 2010ರಲ್ಲಿ ಶುರುಮಾಡಿದ ಸಾಧನ. ಅದು ಫೋಲ್ಡರ್‌ನ ಫೈಲ್‌ಗಳ ಮೇಲೆ ಕಣ್ಣಿಡುತ್ತದೆ. ಯಾವುದಾದರೂ ಬದಲಾದರೆ ಓಡುತ್ತಿರುವ ಪ್ರೋಗ್ರಾಂ ಕೊಂದು ಹೊಸದಾಗಿ ಹಚ್ಚುತ್ತದೆ. ಹೆಸರನ್ನು 'ನೋಡ್ ಮಾನ್' ಅನ್ನಬೇಕೋ 'ನೋ ಡೀಮನ್' ಅನ್ನಬೇಕೋ ಎಂದು ಕೇಳಿದರೆ ಮಾಡಿದಾತ ಹೇಳುವುದಿಲ್ಲ ಎಂದೇ ಬರೆದಿಟ್ಟಿದ್ದಾನೆ. ವಿಡಿಯೋದಲ್ಲಿ ಹಚ್ಚಿದ್ದರು, ನಾವೂ ಹಚ್ಚಿದೆವು. ನಮ್ಮ ನಾಲ್ಕು ನಂಬರ್ ಹಾಕಿ ನೋಡಿದೆವು. ನಾಲ್ಕಕ್ಕೂ ಮೆಸೇಜ್ ಬಂತು. ಚಹಾ ಕುಡಿದೆವು.

ಮೂರನೇ ದಿನ ಆ ಕಾಕಾನ ಫೋನ್: 'ಏನ್ರಪಾ, ನಿಮ್ಮ ಮೆಸೇಜ್ ಬರ್ಲೇ ಇಲ್ಲಲ್ಲ? ಮೋಟಾರ್ ನೀರಾಗ ಹೋತು.'

ಪಟ್ಟಿಯಲ್ಲಿ ಅವರದು ಇಪ್ಪತ್ಮೂರನೇ ಹೆಸರು. ಮೊದಲ ಹತ್ತು ಜನರಿಗೆ ಮೆಸೇಜ್ ಹೋಗಿತ್ತು. ಹನ್ನೊಂದರಿಂದ ಮುಂದೆ ಒಬ್ಬರಿಗೂ ಇಲ್ಲ.

ಆಮೇಲೆ ನಾವು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಮೊದಲು ಸಿಮ್ ಬೈದೆವು, ನೆಟ್‌ವರ್ಕ್ ಬೈದೆವು. ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದೆವು. ನೋಡ್‌ಮಾನ್ ತೆಗೆದು ಮತ್ತೆ ಹಾಕಿದೆವು. ಇದ್ದಕ್ಕಿದ್ದಂತೆ ಎಲ್ಲ ಸರಿಹೋಗಲಿ ಎಂದು ಇಡೀ ದಿನ ಹಚ್ಚಿದ್ದೇ ಹಚ್ಚಿದ್ದು. ಅಷ್ಟೂ ಹೊತ್ತು ಕಪ್ಪು ತೆರೆಯ ಮೇಲೆ ಒಂದು ಸಾಲು ಇಂಗ್ಲಿಷ್‌ನಲ್ಲಿ ಹೇಳುತ್ತಲೇ ಇತ್ತು: 'ಬದಲಾವಣೆ ಆಗಿರುವುದರಿಂದ ಮತ್ತೆ ಹಚ್ಚುತ್ತಿದ್ದೇನೆ.' ನಾವು ಏನನ್ನೂ ತಿದ್ದದೇ ಇರುವಾಗ ಬದಲಾದದ್ದು ಯಾವುದು? ಈ ಪ್ರಶ್ನೆ ನಾಲ್ವರು ವರದಿಗಾರರಿಗೆ ಹೊಳೆಯಲಿಲ್ಲ.

ಕೊನೆಗೆ ಅದನ್ನೇ ಕೇಳಿದೆವು. ನೋಡ್‌ಮಾನ್ ಹಚ್ಚುವಾಗ ಒಂದು ಅಡ್ಡಗೆರೆ, ದೊಡ್ಡ ವಿ ಸೇರಿಸಿದರೆ ಯಾವ ಫೈಲ್‌ನಿಂದಾಗಿ ಮತ್ತೆ ಹಚ್ಚಿದೆ ಎಂದು ಹೆಸರು ಹೇಳುತ್ತದೆ. ಚಿಕ್ಕ ವಿ ಹಾಕಿದರೆ ಆವೃತ್ತಿಯ ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಅದು ಹೇಳಿದ ಹೆಸರು ನಮ್ಮದೇ ಜೇಸನ್ ಫೈಲ್. ನೋಡ್‌ಮಾನ್ ಜೆಎಸ್ ಫೈಲ್‌ಗಳ ಜೊತೆ ಜೇಸನ್ ಫೈಲ್‌ಗಳನ್ನೂ ಕಾಯುತ್ತದೆ. ನಾವು ಕ್ಯೂಸೆಕ್ ಅಂಕಿ ತುಂಬಿದ ಕೂಡಲೇ ಫೈಲ್ ಬದಲಾಗುತ್ತಿತ್ತು, ನೋಡ್‌ಮಾನ್ ಪ್ರೋಗ್ರಾಂ ಕೊಂದು ಹೊಸದು ಹಚ್ಚುತ್ತಿತ್ತು. ಮೊದಲ ಹತ್ತು ಮೆಸೇಜ್ ಅಷ್ಟರೊಳಗೆ ಹೋಗಿರುತ್ತಿದ್ದವು. ಉಳಿದವರ ಸರದಿ ಇದ್ದದ್ದು ಪ್ರೋಗ್ರಾಂ ನೆನಪಿನಲ್ಲಿ ಮಾತ್ರ, ಅದು ಸತ್ತಾಗ ಸರದಿಯೂ ಹೋಯಿತು. ನಾಲ್ಕೇ ನಂಬರ್ ಇಟ್ಟು ಪರೀಕ್ಷೆ ಮಾಡಿದವರಿಗೆ ಇದು ಕಾಣುವುದಾದರೂ ಹೇಗೆ?

ಸರಿಮಾಡಲು ಅರ್ಧ ಗಂಟೆ ಸಾಕಾಯಿತು. ಅಂಕಿಯ ಫೈಲ್ ಬೇರೆ ಫೋಲ್ಡರ್‌ಗೆ ಹೋಯಿತು. ಆ ಫೋಲ್ಡರ್ ಕಡೆ ನೋಡಬೇಡ ಎಂದು ನೋಡ್‌ಮಾನ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಇಗ್ನೋರ್ ಪಟ್ಟಿಗೆ ಸೇರಿಸಿದೆವು. ಯಾರಿಗೆ ಕಳಿಸಿದ್ದು ಆಯಿತು, ಯಾರಿಗೆ ಬಾಕಿ ಎನ್ನುವುದನ್ನೂ ಫೈಲ್‌ನಲ್ಲೇ ಬರೆದಿಡತೊಡಗಿದೆವು. ಎಲ್ಲಕ್ಕಿಂತ ಮುಖ್ಯವಾಗಿ, ರೈತರಿಗೆ ಮೆಸೇಜ್ ಕಳಿಸುವ ಪ್ರೋಗ್ರಾಂ ಅನ್ನು ನೋಡ್‌ಮಾನ್ ಇಲ್ಲದೆ ಬರೀ ನೋಡ್‌ನಿಂದ ಹಚ್ಚಿದೆವು. ಅದು ಕೋಡ್ ಬರೆಯುವವನ ಅನುಕೂಲಕ್ಕೆ ಇರುವ ಸಾಧನ. ಜನ ನೆಚ್ಚಿಕೊಂಡ ಕೆಲಸಕ್ಕೆ ಅದನ್ನು ಕಾವಲು ಹಾಕಬಾರದು.

ಈ ದಾರಿಯಲ್ಲಿ ಎಡವುವ ಇನ್ನಷ್ಟು ಗೆಳೆಯರಿದ್ದಾರೆ, ಅದಕ್ಕೆ ನಾವು ಕಲಿತದ್ದನ್ನು ಹೇಳಿಬಿಡುತ್ತೇವೆ. ತಿದ್ದಿದರೂ ನೋಡ್‌ಮಾನ್ ಮತ್ತೆ ಹಚ್ಚದಿದ್ದರೆ, ನೀವು ತಿದ್ದಿದ ಬಗೆಯ ಫೈಲ್ ಅದರ ಪಟ್ಟಿಯಲ್ಲೇ ಇಲ್ಲದಿರಬಹುದು. ವಿಂಡೋಸ್ ಫೋಲ್ಡರ್‌ನ ಫೈಲ್ ಅನ್ನು ಒಳಗಿನ ಲಿನಕ್ಸ್‌ನಿಂದ ಓಡಿಸುತ್ತಿದ್ದರೆ ಬದಲಾವಣೆಯ ಸುದ್ದಿಯೇ ಅದಕ್ಕೆ ತಲುಪುವುದಿಲ್ಲ. ಆಗ ದೊಡ್ಡ ಎಲ್ ಸೇರಿಸಿದರೆ ಅದು ಸುದ್ದಿಗೆ ಕಾಯದೆ ತಾನೇ ಹೋಗಿ ಹೋಗಿ ನೋಡಿಬರುತ್ತದೆ, ಲ್ಯಾಪ್‌ಟಾಪ್‌ಗೆ ಸ್ವಲ್ಪ ಭಾರ ಬೀಳುತ್ತದೆ ಅಷ್ಟೇ. ಲಿನಕ್ಸ್‌ನಲ್ಲಿ 'ಜಾಗ ಇಲ್ಲ' ಎಂದು ಬಂದರೆ ಫೋಟೋ ಅಳಿಸಲು ಹೋಗಬೇಡಿ. ಅಲ್ಲಿ ಮುಗಿದಿರುವುದು ಡಿಸ್ಕ್ ಅಲ್ಲ, ಒಬ್ಬ ಬಳಕೆದಾರ ಇಷ್ಟೇ ಫೈಲ್ ಕಾಯಬಹುದು ಎಂಬ ಮಿತಿ. ಹಳೆಯ ವ್ಯವಸ್ಥೆಗಳಲ್ಲಿ ಅದು ಸಾಮಾನ್ಯವಾಗಿ 8192 ಇತ್ತು, ಅದನ್ನು ಹೆಚ್ಚಿಸಬಹುದು. 'ಪೋರ್ಟ್ ಬಳಕೆಯಲ್ಲಿದೆ' ಎಂದರೆ ಹಳೇ ಪ್ರೋಗ್ರಾಂ ಇನ್ನೂ ಸತ್ತಿಲ್ಲ ಎಂದು ಮೊದಲು ಅನುಮಾನಿಸಿ. 2022ರಿಂದ ನೋಡ್‌ನಲ್ಲೇ ವಾಚ್ ಎಂಬ ಸೌಲಭ್ಯವೂ ಬಂದಿದೆ. ಅದು ಪ್ರೋಗ್ರಾಂ ತನ್ನೊಳಗೆ ಸೇರಿಸಿಕೊಂಡ ಫೈಲ್‌ಗಳನ್ನಷ್ಟೇ ಕಾಯುತ್ತದೆ.

ಇಷ್ಟರಲ್ಲಿ ಒಂದೂ ಗುಟ್ಟಿನ ವಿದ್ಯೆಯಲ್ಲ. ಬಹುತೇಕ ಎಲ್ಲವನ್ನೂ ಆ ಸಾಧನ ತೆರೆಯ ಮೇಲೆ ಬರೆದು ತೋರಿಸುತ್ತದೆ, ಇಲ್ಲವೇ ಕೇಳಿದರೆ ಹೇಳುತ್ತದೆ. ಹಾಗಾದರೆ ನಾವೇಕೆ ಓದಲಿಲ್ಲ? ಇಂಗ್ಲಿಷ್ ಬರುವುದಿಲ್ಲ ಎಂಬುದು ನೆಪ. ಆ ಸಾಲಿನಲ್ಲಿದ್ದದ್ದು ನಾಲ್ಕೈದು ಪದ. ನಿಜ ಹೇಳಬೇಕೆಂದರೆ, ನಮಗೆ ಕಲಿಸಿದ್ದು ಕಮಾಂಡ್ ಟೈಪ್ ಮಾಡುವುದನ್ನು, ಅದು ಏನನ್ನು ಕಾಯುತ್ತದೆ ಎಂಬುದನ್ನಲ್ಲ. ಕೆಟ್ಟರೆ ಬಂದ್ ಮಾಡಿ ಚಾಲೂ ಮಾಡು ಎನ್ನುವುದೇ ನಮಗೆ ಗೊತ್ತಿರುವ ಔಷಧ. ಟಿವಿಗೆ ಅದು ನಡೆಯುತ್ತದೆ. ಸುಟ್ಟ ವಾಸನೆ ಬರುತ್ತಿರುವ ಮೋಟಾರ್‌ಗೆ ಮತ್ತೆ ಮತ್ತೆ ಸ್ಟಾರ್ಟರ್ ಒತ್ತಿದರೆ ಏನಾಗುತ್ತದೆ ಎಂದು ಯಾವ ರೈತನನ್ನಾದರೂ ಕೇಳಿ.

'ಇದೆಲ್ಲ ನಿಮಗ್ಯಾಕ ಬೇಕಿತ್ತು, ಸರ್ಕಾರದವರು ಡಂಗುರ ಸಾರ್ತಾರಲ್ಲ' ಎಂದವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಥವಿದೆ. ಜನರು ನಂಬಿ ಕುಳಿತ ಮೇಲೆ ಅರ್ಧ ಕಲಿತ ಕೆಲಸ ಅಪಾಯಕಾರಿ. ಮೆಸೇಜ್ ಬರುತ್ತದೆ ಎಂದು ಭರವಸೆ ಇರದಿದ್ದರೆ ಕಾಕಾ ತಾವೇ ಹೊಳೆ ಕಡೆ ಹೋಗಿ ನೋಡಿಬರುತ್ತಿದ್ದರು. ಆದರೆ ಅದಕ್ಕೆ ಉತ್ತರ ಬಿಟ್ಟುಬಿಡುವುದಲ್ಲ, ಪೂರ್ತಿ ಕಲಿಯುವುದು. ಸುದ್ದಿ ತಪ್ಪಾದರೆ ತಿದ್ದುಪಡಿ ಹಾಕುತ್ತೇವೆ. ಪ್ರೋಗ್ರಾಂ ತಪ್ಪಾದರೂ ಏನಾಯಿತು, ಯಾಕಾಯಿತು ಎಂದು ಹೆಸರು ಕೊಟ್ಟವರಿಗೆಲ್ಲ ತಿಳಿಸಬೇಕು. ನಾವು ತಿಳಿಸಿದೆವು. ಕೆಲವರು ಪಟ್ಟಿಯಿಂದ ಹೆಸರು ತೆಗೆಸಿದರು. ಅದು ಅವರ ಹಕ್ಕು.

ಕಾಕಾನ ಮೋಟಾರ್ ರಿವೈಂಡಿಂಗ್ ಖರ್ಚಿಗೆ ನಾಲ್ವರೂ ಕೂಡಿಸಿ ಕೊಡಲು ಹೋದೆವು. ಅರ್ಧ ತೆಗೆದುಕೊಂಡು ಅರ್ಧ ವಾಪಸ್ ಕೊಟ್ಟರು. ಅವರ ಹೆಸರನ್ನೂ ತೆಗೆಯಬೇಕೇನೋ ಎಂದು ಕೇಳಿದಾಗ ಹೇಳಿದ್ದು ಇಷ್ಟು: 'ತಗೀಬ್ಯಾಡ್ರಿ. ಆದ್ರ ಮುಂದಿನ ಸಲ ನನ್ನ ನಂಬರ್ ಕಡೀಕ ಇಡ್ರಿ. ನನಗ ಬಂತಂದ್ರ ಎಲ್ಲಾರಿಗೂ ಬಂದಂಗ.'

ನಾಲ್ಕು ನಂಬರ್ ಇಟ್ಟು ಪರೀಕ್ಷೆ ಮಾಡಿದ ನಮಗಿಂತ ಅವರಿಗೆ ಈ ಕೆಲಸ ಚೆನ್ನಾಗಿ ತಿಳಿದಿದೆ. ಈಗ ಪಟ್ಟಿಯ ಕೊನೆಯ ಹೆಸರು ಅವರದೇ. ಅಂಕಿ ತುಂಬಿದ ಮೇಲೆ ನಾವು ಮೊದಲು ಫೋನ್ ಮಾಡುವುದೂ ಅವರಿಗೇ.