ನಾವು ಸೋತ್ವಿ

ಮೇ 22ರ ರಾತ್ರಿ ಅಹಮದಾಬಾದಿನಲ್ಲಿ ರಾಜಸ್ಥಾನದ ಎದುರು ಆರ್‌ಸಿಬಿ 4 ವಿಕೆಟ್‌ಗಳಿಂದ ಸೋತಿತು. 2024ರ ಐಪಿಎಲ್ ನಮ್ಮ ಪಾಲಿಗೆ ಅಲ್ಲಿಗೆ ಮುಗಿಯಿತು. ಮೊದಲ 8 ಪಂದ್ಯಗಳಲ್ಲಿ 7 ಸೋತಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಆಮೇಲೆ ಸತತ 6 ಗೆದ್ದು ಆಸೆ ಹುಟ್ಟಿಸಿದರು ನೋಡಿ, ಅದೇ ಸಂಕಟ.

ಬೆಂಗಳೂರಿನಲ್ಲಿದ್ದರೆ ಇಡೀ ಬೀದಿಯೇ ಜೊತೆಗೆ ಮಂಕಾಗುತ್ತದೆ. ಪುಣೆಯಲ್ಲಿ ನಮ್ಮ ದುಃಖ ನಮಗೇ. 2018ರಲ್ಲಿ ಕಾವೇರಿ ಗಲಾಟೆಯಿಂದಾಗಿ ಚೆನ್ನೈ ತಂಡ ತವರಿನ ಪಂದ್ಯಗಳನ್ನು ಇಲ್ಲಿನ ಗಹುಂಜೆಗೆ ತಂದಿತ್ತು. ಅಲ್ಲೂ ಅವರೆದುರು ಸೋತೆವು. ನಮ್ಮ ಪಕ್ಕದ ಮನೆಯ ಕಾಕಾಗೆ ಬರುವ ಒಂದೇ ಕನ್ನಡ ವಾಕ್ಯ 'ಈ ಸಲ ಕಪ್ ನಮ್ದೇ'. ಮರುದಿನ ಲಿಫ್ಟಿನಲ್ಲಿ ಅದನ್ನೇ ಹೇಳಿ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ?

ತಂಡ ಬದಲಿಸಬಹುದಲ್ಲ ಎನ್ನುತ್ತಾರೆ ಆಫೀಸಿನವರು. ಆದರೆ ಕೇಳಿ: ಪುಣೆಯಲ್ಲೇ ಹುಟ್ಟಿದ ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರ ಕೊಡುತ್ತಾಳೆ. ಆ ರಾತ್ರಿ ಮಾತ್ರ ಅಳುತ್ತಾ, "ಅಪ್ಪಾ, ನಾವು ಸೋತ್ವಿ" ಅಂದಳು.

ಆ 'ನಾವು' ಎಂಬ ಮಾತಿಗೋಸ್ಕರವಾದರೂ ಮುಂದಿನ ವರ್ಷ ಮತ್ತೆ ಟಿವಿ ಮುಂದೆ ಕೂರುತ್ತೇನೆ. ಮುಂಬೈ, ದೆಹಲಿ, ಹೈದರಾಬಾದಿನ ನೀವೂ ಕೂರುತ್ತೀರಿ, ಗೊತ್ತು.