ದ್ವೀಪಪ್ರವಾಸದ ಔತಣ ಮತ್ತು ಶ್ರಾವಕನ ಅನುಮೋದನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜೈನ ಮನೆತನಗಳಿಗೆ ಪ್ರವಾಸವೆಂದರೆ ಒಂದು ಕಾಲಕ್ಕೆ ಶ್ರವಣಬೆಳಗೊಳ, ಹುಂಚ, ಮೂಡುಬಿದಿರೆ, ಬಹುದೂರವೆಂದರೆ ಸಮ್ಮೇದಶಿಖರಜಿ. ಇಂದು ಮಕ್ಕಳು ಅಮೆರಿಕೆಯಲ್ಲಿ ಉದ್ಯೋಗಸ್ಥರು. ತಂದೆತಾಯಿಗಳನ್ನು ಕರೆಸಿಕೊಂಡು ಹವಾಯಿ ದ್ವೀಪಗಳ ಹಡಗುಪ್ರವಾಸಕ್ಕೆ ಕರೆದೊಯ್ಯುವುದು ಅವರ ಪ್ರೀತಿಯ ಒಂದು ರೀತಿ. ಅದನ್ನು ಆಕ್ಷೇಪಿಸಬೇಕಾದ ಕಾರಣವಿಲ್ಲ. ಹೊನೊಲುಲುವಿನಿಂದ ಹೊರಟು ಮಾವಿ, ಹಿಲೋ, ಕೋನಾ, ಕವಾಯಿಗಳನ್ನು ಏಳು ದಿನಗಳಲ್ಲಿ ಸುತ್ತಿಬರುವ ಹಡಗಿನಲ್ಲಿ, ಯಾವ ಬಂದರಿನಲ್ಲಿ ಇಳಿದು ಏನನ್ನು ನೋಡಬಹುದೆಂಬ ಪಟ್ಟಿಯೊಂದು ಪ್ರಯಾಣಿಕರ ಕೈಸೇರುತ್ತದೆ. ಅದರಲ್ಲಿ ಎದ್ದುಕಾಣುವುದು ‘ಸಾಂಪ್ರದಾಯಿಕ ಲೂಆವ್’. ತಲೆಗೆ ನೂರು ಡಾಲರಿಗೂ ಮಿಕ್ಕ ದರ. ತಂದೆ ಹಿಂಜರಿದರೆ ಮಗನ ಉತ್ತರ ಸಿದ್ಧವಾಗಿರುತ್ತದೆ: “ಸಸ್ಯಾಹಾರವೂ ಇದೆ ಅಪ್ಪಾಜಿ. ನಾವೇನು ತಿನ್ನುತ್ತೇವೆಯೇ? ನೋಡಿಬರುವುದಷ್ಟೆ.”

ಪರೀಕ್ಷಿಸಬೇಕಾದದ್ದು ಈ ಮಾತನ್ನೇ.

ಪ್ರವಾಸಿಗರಿಗಾಗಿ ನಡೆಯುವ ಲೂಆವ್‌ನ ಕೇಂದ್ರದಲ್ಲಿರುವುದು ‘ಇಮು’ ಎಂಬ ನೆಲದೊಲೆ. ಗುಂಡಿ ತೋಡಿ, ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಬಾಳೆದಿಂಡನ್ನೂ ಟೀ ಎಂಬ ಗಿಡದ ಎಲೆಗಳನ್ನೂ ಹಾಸಿ, ಅದರ ಮೇಲೆ ಇಡಿಯ ಹಂದಿಯನ್ನಿಟ್ಟು ಮಣ್ಣು ಮುಚ್ಚುತ್ತಾರೆ. ಗಂಟೆಗಟ್ಟಲೆ ಬೆಂದ ಬಳಿಕ ಸಂಜೆ ಅತಿಥಿಗಳೆಲ್ಲ ಸುತ್ತ ನೆರೆದಿರುವಾಗ ಆ ಗುಂಡಿಯನ್ನು ತೆರೆಯಲಾಗುತ್ತದೆ. ಶಂಖ ಮೊಳಗುವುದುಂಟು, ಚಿತ್ರ ತೆಗೆಯುವವರ ನೂಕುನುಗ್ಗಲೂ ಉಂಟು. ಊಟ, ನೃತ್ಯ ಆಮೇಲಿನವು. ಅಂದರೆ ಅಲ್ಲಿ ಪ್ರಾಣಿಯ ದೇಹವು ಅಡುಗೆಮನೆಯ ಮರೆಯಲ್ಲಿರುವ ಪದಾರ್ಥವಲ್ಲ. ಅದೇ ಪ್ರದರ್ಶನದ ಮೊದಲ ಅಂಕ. “ನೋಡಿಬರುತ್ತೇವೆ” ಎನ್ನುವವರು ನೋಡಿಬರುವುದು ಇದನ್ನೇ.

ಕನ್ನಡ ಜೈನರಿಗೆ ಈ ವಿಷಯದಲ್ಲಿ ಪರದೇಶದ ಪಾಠ ಬೇಕಾಗಿಲ್ಲ. ಜನ್ನನು ೧೨೦೯ರಲ್ಲಿ ಮುಗಿಸಿದ ಯಶೋಧರಚರಿತೆಯ ಕಥೆಯನ್ನು ಕೇಳದ ಜೈನ ಮನೆ ಈ ನಾಡಿನಲ್ಲಿ ಇರಲಾರದು. ಯಶೋಧರನು ಪ್ರಾಣಿಬಲಿಗೆ ಒಪ್ಪಲಿಲ್ಲ. ತಾಯಿಯ ಮಾತನ್ನು ಪೂರ್ತಿ ಮೀರಲಾರದೆ ಹಿಟ್ಟಿನ ಕೋಳಿಯನ್ನು ದೇವಿಗೆ ಕಡಿದ. ಹರಿದದ್ದು ಒಂದು ಹನಿ ರಕ್ತವೂ ಅಲ್ಲ. ಆದರೂ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ತಿರ್ಯಗ್ಗತಿಯಲ್ಲಿ ತೊಳಲಿದರು. ತಪ್ಪು ಹಿಟ್ಟಿನದಾಗಿರಲಿಲ್ಲ, ಸಂಕಲ್ಪದ್ದಾಗಿತ್ತು. ಯಶೋಧರನೂ ತಿನ್ನುವ ಆಸೆಯಿಂದ ಕತ್ತಿಯೆತ್ತಿದವನಲ್ಲ; ಮನೆಯವರ ಮನಸ್ಸು ನೋಯಬಾರದೆಂದು ಒಪ್ಪಿದವನು. ಹಡಗಿನ ಮೇಲಿನ ತಂದೆಯ ಒಪ್ಪಿಗೆಗೂ ಇದಕ್ಕೂ ಎಷ್ಟು ದೂರ? ಒಂದು ವ್ಯತ್ಯಾಸವಂತೂ ಇದೆ: ಅಲ್ಲಿದ್ದದ್ದು ಹಿಟ್ಟಿನ ಕೋಳಿ, ಇಲ್ಲಿರುವುದು ನಿಜವಾದ ಹಂದಿ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮಾಸ್ರವದ ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿ ಇಡುತ್ತದೆ. ಸಂರಂಭ, ಸಮಾರಂಭ, ಆರಂಭವೆಂದು ಮೂರು, ಮನ, ವಚನ, ಕಾಯಗಳೆಂದು ಮೂರು, ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ ೧೦೮. ಜಪಮಾಲೆಯ ಮಣಿಗಳಿಗೆ ಈ ಲೆಕ್ಕವನ್ನೇ ಅರ್ಥವಾಗಿ ಹೇಳುವ ಹಿರಿಯರಿದ್ದಾರೆ. ಇದರಲ್ಲಿ ‘ಸಮಾರಂಭ’ವೆಂದರೆ ಹಿಂಸೆಗೆ ಬೇಕಾದ ಸಾಧನಸಾಮಗ್ರಿಗಳನ್ನು ಒದಗಿಸುವುದು. ಇಂದಿನ ಕನ್ನಡದಲ್ಲಿ ಆ ಶಬ್ದಕ್ಕೆ ಔತಣಕೂಟವೆಂಬ ಅರ್ಥ ಬಂದಿರುವುದು ಕಾಕತಾಳೀಯ; ಲೂಆವ್‌ನ ಮಟ್ಟಿಗೆ ಎರಡು ಅರ್ಥಗಳೂ ಒಂದಾಗಿವೆ. ಚೀಟಿಯ ಹಣ ಸಾಮಗ್ರಿಯನ್ನು ಒದಗಿಸುತ್ತದೆ, ಚಪ್ಪಾಳೆ ಅನುಮೋದಿಸುತ್ತದೆ. ತಟ್ಟೆಯಲ್ಲಿ ಏನನ್ನು ಬಡಿಸಿಕೊಂಡರೆಂಬುದು ಆಮೇಲಿನ ಮಾತು.

“ನಾವು ಹೋಗದಿದ್ದರೂ ಹಂದಿ ಬೇಯುತ್ತಿತ್ತು” ಎಂಬುದು ಇನ್ನೊಂದು ಸಮಾಧಾನ. ಅಡುಗೆಯವರು ಎಷ್ಟು ಬೇಯಿಸಬೇಕೆಂದು ತೀರ್ಮಾನಿಸುವುದು ಎಷ್ಟು ಜನ ಹೆಸರು ಬರೆಸಿದ್ದಾರೆಂಬುದನ್ನು ನೋಡಿಯೇ. ಆ ತಲೆಯೆಣಿಕೆಯಲ್ಲಿ ಶ್ರಾವಕನ ತಲೆಯೂ ಒಂದು. ಹಿರಿಯೂರಿನ ಜೈನ ಅಂಗಡಿಯವರ ಬಳಿಗೆ ಮಾರಿಹಬ್ಬದ ವಂತಿಗೆ ಕೇಳಿ ಬಂದವರು “ಇದು ಕುರಿಗೆ” ಎಂದು ಬಾಯಿಬಿಟ್ಟು ಹೇಳಿದರೆ ಅವರು ಗಲ್ಲಾಪೆಟ್ಟಿಗೆ ತೆರೆಯುವರೇ? ದೀಪಕ್ಕೋ ಅಕ್ಕಿಗೋ ಕೊಟ್ಟಾರು, ಕುರಿಗೆ ಕೊಡಲಾರರು. ಕೊಟ್ಟು “ನಾನು ತಿನ್ನಲಿಲ್ಲವಲ್ಲ” ಎಂದರೆ ಮನೆಯ ಹಿರಿಯರೇ ನಕ್ಕಾರು. ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾನೂನು ಕರ್ನಾಟಕದಲ್ಲಿ ೧೯೫೯ರಿಂದ ಇದೆ. ಅದನ್ನು ಮೀರುವ ಜಾತ್ರೆಗಳನ್ನು ಖಂಡಿಸುವುದರಲ್ಲಿ ಸಮಾಜ ಹಿಂದೆಬಿದ್ದಿಲ್ಲ. ಬಡವನ ಹರಕೆಯ ಕುರಿ ಮೌಢ್ಯ, ಡಾಲರು ತೆತ್ತು ನೋಡುವ ಹಂದಿ ಸಂಸ್ಕೃತಿ ಎಂಬ ಭೇದಕ್ಕೆ ಯಾವ ಆಗಮದಲ್ಲಿ ಆಧಾರವಿದೆ?

ಹಡಗಿನ ಅಡುಗೆಮನೆಯಲ್ಲಿಯೂ ಮಾಂಸ ಬೇಯುವುದಿಲ್ಲವೇ, ವಿಮಾನದಲ್ಲಿ ಪಕ್ಕದವರು ತಿನ್ನುವುದಿಲ್ಲವೇ ಎಂದು ಕೇಳುವವರಿಗೆ ಉತ್ತರ ಅಷ್ಟು ಸುಲಭವಲ್ಲ. ಹಡಗೇರಿದವನು ಪೂರ್ಣ ನಿರ್ಲಿಪ್ತನೆಂದು ಹೇಳಲಾಗದು. ಆ ಕಾರಣಕ್ಕೇ ಏರದವರೂ ಇದ್ದಾರು; ಅವರದು ಹೆಚ್ಚಿನ ಸಂಯಮ. ಗೃಹಸ್ಥನು ಆರಂಭೀ, ಉದ್ಯೋಗೀ ಹಿಂಸೆಗಳನ್ನು ಸಂಪೂರ್ಣ ಬಿಡಲಾರನೆಂದು ಶಾಸ್ತ್ರವೇ ಒಪ್ಪಿದೆ. ಸಂಕಲ್ಪೀ ಹಿಂಸೆಗೆ ಮಾತ್ರ ಆ ರಿಯಾಯಿತಿ ಇಲ್ಲ. ಹಡಗಿನ ಚೀಟಿ ಕೊಳ್ಳುವುದು ಸಮುದ್ರವನ್ನೂ ಜ್ವಾಲಾಮುಖಿಗಳನ್ನೂ ನೋಡುವುದಕ್ಕೆ. ಲೂಆವ್‌ನ ಚೀಟಿಯೆಂದರೆ ಆ ಔತಣವೇ.

ಉಳಿದದ್ದು ‘ಸಾಂಪ್ರದಾಯಿಕ’ ಎಂಬ ವಿಶೇಷಣ. ಲೂಆವ್ ಎಂಬುದು ಮೂಲತಃ ಔತಣದ ಹೆಸರಲ್ಲ, ಹಂದಿಯ ಹೆಸರಂತೂ ಅಲ್ಲ. ಅದು ಕೆಸುವಿನ ಎಳೆಯ ಎಲೆಯ ಹೆಸರು. ಮಲೆನಾಡಿನ ನೆಂಟರ ಮನೆಯಲ್ಲಿ ಪತ್ರೊಡೆಗೆ ಸುತ್ತುವ ಎಲೆಯ ಬಳಗದ್ದೇ. ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ಕೋಳಿಯನ್ನೋ ಕಡಲಜೀವಿಯನ್ನೋ ಸೇರಿಸುವ ರೂಢಿಯೂ ಇರುವುದರಿಂದ ವಿಚಾರಿಸದೆ ಮುಟ್ಟುವಂತಿಲ್ಲ. ಹಳೆಯ ಕಾಲದಲ್ಲಿ ಅಲ್ಲಿನ ಔತಣಕ್ಕೆ ‘ಅಹಆಯಿನ’ ಎಂಬ ಬೇರೆ ಹೆಸರಿತ್ತು. ಆಗಿನ ಕಟ್ಟಳೆಯಂತೆ ಹೆಂಗಸರು ಗಂಡಸರೊಡನೆ ಕುಳಿತು ಉಣ್ಣುವಂತಿರಲಿಲ್ಲ, ಹಂದಿಯ ಮಾಂಸ ಅವರಿಗೆ ನಿಷಿದ್ಧ. ೧೮೧೯ರಲ್ಲಿ ಎರಡನೆಯ ಕಮೆಹಮೆಹಾ ದೊರೆ ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಂಡಾಗ ಆ ಕಟ್ಟಳೆ ಮುರಿಯಿತು. ಅಲ್ಲಿಯವರೆಗೆ ಆ ದ್ವೀಪಗಳ ಅರ್ಧ ಜನರ ಸಂಪ್ರದಾಯದ ಊಟದಲ್ಲಿ ಹಂದಿಯೇ ಇರಲಿಲ್ಲವೆಂದಾಯಿತು. ಇನ್ನು ರಾತ್ರಿ ಕೊಳ್ಳಿಗತ್ತಿ ತಿರುಗಿಸುವ ರೋಮಾಂಚಕ ನೃತ್ಯ ಸಮೋವಾ ದ್ವೀಪಗಳದು, ಹವಾಯಿಯದಲ್ಲ. ಸಂಪ್ರದಾಯದ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಮಾರುವವರ ಅನುಕೂಲದ ಪಾಲು ಸಣ್ಣದಲ್ಲ.

ಇದು ಹವಾಯಿಯ ಮೂಲನಿವಾಸಿಗಳ ಮೇಲಿನ ದೂರಲ್ಲ. ತಮ್ಮ ಮನೆಯ ಹಬ್ಬದಲ್ಲಿ ಅವರು ಏನು ಉಣ್ಣುತ್ತಾರೆಂಬುದು ಅವರಿಗೆ ಬಿಟ್ಟದ್ದು. ವ್ರತ ಹಿಡಿದವರು ಅವರಲ್ಲ. ಅವರ ಪುರಾಣದಲ್ಲಿ ಹಾಲೋಆ ಎಂಬ ಮೊದಲ ಶಿಶು ಹುಟ್ಟುವಾಗಲೇ ಸತ್ತು, ಹೂಳಿದ ನೆಲದಲ್ಲಿ ಕೆಸುವಾಗಿ ಚಿಗುರಿತು. ಅದರ ತಮ್ಮನೇ ಮನುಷ್ಯ. ಬೆಳೆಯುವ ಗಿಡವನ್ನು ಅಣ್ಣನೆಂದು ಕಾಣುವ ಜನರ ನಾಡಿಗೆ ಹೋಗಿ, ಆ ಕೆಸುವಿನ ಗದ್ದೆಗಳನ್ನು ನೋಡದೆ ಹಂದಿಯ ಗುಂಡಿಯನ್ನು ನೋಡಿಬಂದರೆ ಯಾತ್ರಿಕನಿಗೆ ದಕ್ಕಿದ್ದೇನು? ಕೆಸುವಿನ ಗೆಡ್ಡೆಯನ್ನು ಅರೆದು ಮಾಡುವ ‘ಪೊಯಿ’ ಕಂದಮೂಲವಾದ್ದರಿಂದ ನಿಷ್ಠಾವಂತ ಶ್ರಾವಕನಿಗೆ ವರ್ಜ್ಯವೇ, ನಿಜ. ಗದ್ದೆಯನ್ನು ಕಣ್ಣಿನಿಂದ ನೋಡುವುದಕ್ಕೆ ಅಡ್ಡಿಯಿಲ್ಲ. ಹೂಲಾ ನೃತ್ಯವನ್ನು ಹಗಲಿನಲ್ಲಿ, ಔತಣದ ಹಂಗಿಲ್ಲದೆ ನೋಡುವ ಅವಕಾಶಗಳಿವೆ. ಕೆಲವು ಕಡೆ ಊಟವಿಲ್ಲದೆ ನೃತ್ಯಕ್ಕಷ್ಟೇ ಚೀಟಿ ದೊರೆಯುತ್ತದೆ. ಸೂರ್ಯಾಸ್ತದ ಹೊತ್ತಿಗೆ ಬಡಿಸತೊಡಗುವ ಆ ಊಟ ರಾತ್ರಿಭೋಜನತ್ಯಾಗಿಗೆ ಹೇಗೂ ಸಲ್ಲದು. ಇಷ್ಟು ಸಣ್ಣ ಸಂಗತಿಯೂ ಚೀಟಿ ಕೊಳ್ಳುವಾಗ ಮರೆತುಹೋಗುವುದೇ ಸೋಜಿಗ.

ಬಸದಿಗಳ ಆಡಳಿತ ಮಂಡಳಿಗಳು ಇದನ್ನು ಆಯಾ ಕುಟುಂಬದ ಖಾಸಗಿ ವಿಷಯವೆಂದು ಕೈಬಿಡುತ್ತವೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ನಿಂತಿದೆ. ಅದರ ಕಲ್ಲಿನ ರಕ್ಷಣೆಗೆ ತೋರುವ ಕಾಳಜಿಯಲ್ಲಿ ಒಂದು ಪಾಲನ್ನು, ವಿದೇಶಕ್ಕೆ ಹೊರಟ ಹಿರಿಯರನ್ನು ಕೂರಿಸಿ ಮಾತನಾಡುವುದಕ್ಕೆ ವ್ಯಯಿಸಿದರೆ ಖರ್ಚೇನೂ ತಗಲದು. ದಿಗ್‌ವ್ರತವನ್ನು ಇಂದು ಯಾರೂ ಮೊದಲಿನಂತೆ ಆಚರಿಸಲಾರರು. ದಿಕ್ಕಿಗೆ ಮಿತಿ ಹಾಕಿಕೊಳ್ಳಲಾಗದವರು ಹೋದ ದಿಕ್ಕಿನಲ್ಲಿ ಯಾವುದಕ್ಕೆ ಹಣ ತೆರುವುದಿಲ್ಲವೆಂಬ ನಿಯಮವನ್ನಾದರೂ ಹೊರಡುವ ಮೊದಲೇ ತೆಗೆದುಕೊಳ್ಳಬಹುದು. ಹಡಗಿನಲ್ಲಿ ಪಟ್ಟಿ ಕೈಗೆ ಬಂದು ಮೊಮ್ಮಕ್ಕಳು ಕೈಹಿಡಿದು ಎಳೆಯುವಾಗ ಯೋಚಿಸುವುದಕ್ಕೆ ಸಮಯವಿರುವುದಿಲ್ಲ.