ಆರತಿ ಮನೆಯಲ್ಲಾಯಿತು, ಪಾಠ?

ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಒಂಬತ್ತು ದಿನಗಳಿಂದ ಗೈರು. ಕಾರಣ ಕೇಳಿದೆ. ಹುಡುಗಿಯರು ತಲೆ ತಗ್ಗಿಸಿದರು, ಹಿಂದಿನ ಬೆಂಚಿನ ಹುಡುಗರು ನಕ್ಕರು. "ಅವ್ಳು ದೊಡ್ಡೋಳಾಗವ್ಳೆ ಮಿಸ್" ಎಂದು ಒಬ್ಬಳು ಪಿಸುಗುಟ್ಟಿದಳು.

ನನ್ನದೇ ನೆನಪಾಯಿತು. ಸೋದರಮಾವ ತೆಂಗಿನ ಗರಿಯ ಗುಡ್ಲು ಹಾಕಿದ್ದರು. ಹೊಸ ಸೀರೆ, ಚಿಗಳಿ, ಕೊಬ್ಬರಿ-ಬೆಲ್ಲ, ಆರತಿ, ಹಾಡು. ಊರಿಗೆಲ್ಲ ಗೊತ್ತಾದ ಸಂಗತಿ ಏನೆಂದು ನನಗೆ ಮಾತ್ರ ಯಾರೂ ಹೇಳಲಿಲ್ಲ. ಕಾಯಿಲೆಯೆಂದೇ ಹೆದರಿದ್ದೆ. ಶಾಲೆಯಲ್ಲಿ ಆ ಪಾಠ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಕ್ಕೆ ಹೋಗಿದ್ದರು.

ದೊಡ್ಡವರಾಗುವುದನ್ನು ಲೋಕವೆಲ್ಲ ಗುರುತಿಸುತ್ತದೆ. ಅಮೆರಿಕದ ಅಪಾಚೆ ಬುಡಕಟ್ಟಿನವರು ಮೈನೆರೆದ ಹುಡುಗಿಗಾಗಿ ನಾಲ್ಕು ದಿನಗಳ ಸೂರ್ಯೋದಯ ಆಚರಣೆ ನಡೆಸುತ್ತಾರೆ. ಅವಳು ಗಂಟೆಗಟ್ಟಲೆ ಕುಣಿಯುತ್ತಾಳೆ, ನಾಲ್ಕು ದಿಕ್ಕಿಗೂ ಓಡುತ್ತಾಳೆ. ಬಂಧುಗಳು ಪರಾಗ ಚಿಮುಕಿಸಿ ಹರಸುತ್ತಾರೆ. ಜಪಾನಿನಲ್ಲಿ ಜನವರಿಯ ಎರಡನೇ ಸೋಮವಾರ ವಯಸ್ಕರ ದಿನ; ಅಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಒಂದೇ ಸಮಾರಂಭ. 2022ರ ಏಪ್ರಿಲ್‌ನಿಂದ ಅಲ್ಲಿ ಕಾನೂನಿನ ಪ್ರಕಾರ ವಯಸ್ಕರಾಗುವ ವಯಸ್ಸು 20ರಿಂದ 18ಕ್ಕೆ ಇಳಿದಿದೆ.

ನಮ್ಮ ಆರತಿ ಬೇಡವೆಂದು ನಾನು ಹೇಳುವುದಿಲ್ಲ. ಅಂದು ಅಜ್ಜಿ ಪಟ್ಟ ಸಂತೋಷ ಸುಳ್ಳಲ್ಲ. ಆದರೆ ಹುಡುಗಿಯನ್ನು ಮೂಲೆಯಲ್ಲಿ ಕೂರಿಸುವುದು, ಶಾಲೆ ಬಿಡಿಸುವುದು, ಏನನ್ನೂ ತಿಳಿಸದಿರುವುದು ಇವು ಸಂಭ್ರಮವಲ್ಲ. ಹುಡುಗರಿಗಂತೂ ಹೇಳುವವರೇ ಇಲ್ಲ. ಅದಕ್ಕೇ ಅವರು ನಗುತ್ತಾರೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹದಿಹರೆಯದ ಪಾಠವನ್ನು ನನ್ನ ಘಟಕ ಯೋಜನೆಯ ಕೊನೆಗೆ ತಳ್ಳಿದ್ದೆ. ಅಷ್ಟರಲ್ಲಿ ಬೋಧನಾಭ್ಯಾಸ ಮುಗಿಯಲಿ ಎಂಬ ಆಸೆ! ಆ ದಿನ ಸಂಜೆ ಯೋಜನೆ ತಿದ್ದಿ ಅದನ್ನು ಮುಂದಕ್ಕೆ ತಂದೆ. ಹುಡುಗ ಹುಡುಗಿಯರನ್ನು ಬೇರೆ ಬೇರೆ ಕೂರಿಸಿ ಪಾಠ ಮಾಡುವಂತೆ ಹಿರಿಯ ಶಿಕ್ಷಕಿಯೊಬ್ಬರು ಸಲಹೆ ಕೊಟ್ಟರು. ಒಟ್ಟಿಗೇ ಮಾಡುತ್ತೇನೆಂದು ವಿನಂತಿಸಿಕೊಂಡೆ. ಹೆಸರು ಬರೆಯದೆ ಪ್ರಶ್ನೆ ಹಾಕಲು ರಟ್ಟಿನ ಪೆಟ್ಟಿಗೆಯಿಟ್ಟೆ. "ದನಿ ಯಾಕೆ ಒಡೆಯುತ್ತೆ?" ಎಂದು ಒಂದು ಚೀಟಿ. "ಇದು ಕಾಯಿಲೆನಾ?" ಎಂದು ಇನ್ನೊಂದು. ಹನ್ನೆರಡು ವರ್ಷಗಳ ಹಿಂದಿನ ನನ್ನದೇ ಪ್ರಶ್ನೆ. ಪಿಟ್ಯುಟರಿ ಗ್ರಂಥಿ, ಹಾರ್ಮೋನು, ಋತುಚಕ್ರ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದೆ. ಮೊದಲ ಹತ್ತು ನಿಮಿಷ ನಗು, ಆಮೇಲೆ ಪ್ರಶ್ನೆಗಳು.

ಸಹಪಾಠಿ ಪ್ರಶಿಕ್ಷಣಾರ್ಥಿಗಳೇ, ಈ ಪಾಠವನ್ನು ಕೊನೆಗೆ ತಳ್ಳಬೇಡಿ. ಎಂಟನೇ ತರಗತಿಯವರೆಗೆ ಕಾಯುವುದೂ ಕೆಲವು ಮಕ್ಕಳಿಗೆ ತಡವೇ.

ಹನ್ನೊಂದನೇ ದಿನ ಆ ಹುಡುಗಿ ಬಂದಳು. ಯಾರೂ ನಗಲಿಲ್ಲ. ಪಕ್ಕದವಳು ನೋಟ್ಸ್ ಕೊಟ್ಟಳು.